ಬಿತ್ತೋ, ಬೀಳಿಸಿದರೋ?

ಕಳೆದ ಮಳೆಗಾಲದಲ್ಲಿ ನನಗೊಂದು ಅನುವಾದದ ಕೆಲಸ ಬಂತು. ಇಂಗ್ಲಿಷಿನಿಂದ ಕನ್ನಡಕ್ಕೆ, ತೊಂಬತ್ತು ಪುಟದ ಒಂದು ಚಿಕ್ಕ ಪುಸ್ತಕ. ದೊಡ್ಡ ದೊಡ್ಡ ಸಾಮ್ರಾಜ್ಯಗಳು ಯಾಕೆ ಅಳಿದವು, ಅದರಿಂದ ನಾವು ಕಲಿಯಬೇಕಾದ ನೀತಿ ಏನು ಎಂಬುದು ವಿಷಯ. ರೋಮ್ ಭೋಗದಿಂದ ಹಾಳಾಯಿತು, ಬ್ಯಾಬಿಲಾನ್ ಅಹಂಕಾರದಿಂದ, ನಿನೆವೆ ಕ್ರೌರ್ಯದಿಂದ. ಪ್ರತಿ ಅಧ್ಯಾಯದ ಕೊನೆಗೆ ಒಂದು ಚೌಕಟ್ಟು, ಅದರೊಳಗೆ ಮೂರು ಸಾಲಿನ ಉಪದೇಶ. ಪುಟಕ್ಕೆ ಇಷ್ಟು ಎಂದು ದರ ಮಾತಾಡಿ ಆಗಿತ್ತು. ಪುಣೆಯಲ್ಲಿ ಬಾಡಿಗೆ ಮನೆಯಲ್ಲಿರುವ ಅನುವಾದಕಿ ಇಂಥ ಕೆಲಸಕ್ಕೆ ಬೇಡ ಅನ್ನುವುದಿಲ್ಲ.

ನಿನೆವೆಯ ಅಧ್ಯಾಯದ ಮೊದಲ ವಾಕ್ಯಕ್ಕೇ ಸಿಕ್ಕಿಬಿದ್ದೆ. ತನ್ನ ಪಾಪದ ಭಾರಕ್ಕೆ ನಿನೆವೆ ಬಿತ್ತು ಎಂಬ ಅರ್ಥದ ವಾಕ್ಯ ಅದು. ಅನುವಾದಕ್ಕೆ ಕಷ್ಟವೇನಿಲ್ಲ. ಆದರೆ 'ಬಿತ್ತು' ಎಂದು ಟೈಪ್ ಮಾಡಿದ ಕೂಡಲೇ, ಭಾಷಾವಿಜ್ಞಾನ ಓದಿದವರಿಗೆ ಅಂಟಿಕೊಳ್ಳುವ ಒಂದು ಚಾಳಿ ತಲೆಯೆತ್ತಿತು. ಬೀಳುವುದು ಅಕರ್ಮಕ ಕ್ರಿಯಾಪದ. ಅದಕ್ಕೆ ಬೀಳುವವರು ಸಾಕು, ಬೀಳಿಸುವವರು ಬೇಕಿಲ್ಲ. ಅಡುಗೆಮನೆಯಲ್ಲಿ ಲೋಟ ಒಡೆದ ಸದ್ದಾದಾಗ ಮಗು ಓಡಿಬಂದು "ಲೋಟ ಬಿತ್ತು" ಅನ್ನುತ್ತದೆ. ನಮ್ಮ ಅಮ್ಮಂದಿರೆಲ್ಲ ಈ ವ್ಯಾಕರಣವನ್ನು ಚೆನ್ನಾಗಿ ಬಲ್ಲವರು. ಅವರು ಕೇಳುವುದು ಒಂದೇ ಪ್ರಶ್ನೆ: "ಬಿತ್ತೋ, ನೀನು ಬೀಳಿಸಿದೆಯೋ?"

ನಿನೆವೆಯ ಬಗ್ಗೆ ಈ ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ. ಇವತ್ತಿನ ಇರಾಕಿನ ಮೊಸೂಲ್ ನಗರದ ಪಕ್ಕ, ಟೈಗ್ರಿಸ್ ನದಿಯ ದಡದಲ್ಲಿ ಅದರ ಅವಶೇಷ ಇದೆ. ಕ್ರಿ.ಪೂ. 612ರಲ್ಲಿ ಬ್ಯಾಬಿಲಾನಿನ ದೊರೆ ನಬೋಪೊಲಾಸರ್ ಮತ್ತು ಮೀಡರ ದೊರೆ ಸಯಾಕ್ಸರಿಸ್ ಸೇರಿ ಮೂರು ತಿಂಗಳು ಮುತ್ತಿಗೆ ಹಾಕಿದರು, ಕೋಟೆ ಹೊಕ್ಕರು, ದೋಚಿದರು, ಸುಟ್ಟರು. ಬ್ಯಾಬಿಲಾನಿನವರೇ ಜೇಡಿಮಣ್ಣಿನ ಹಲಗೆಯ ಮೇಲೆ ಬರೆದಿಟ್ಟ ವರ್ಷವಾರು ದಾಖಲೆ ಈಗಲೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಹಾಗಾದರೆ ಅಷ್ಟು ಬಲಿಷ್ಠ ರಾಜ್ಯ ಆ ಹೊತ್ತಿಗೆ ಯಾಕೆ ಅಷ್ಟು ಸೋತಿತ್ತು? ಇದಕ್ಕೂ ಕಾರಣಗಳಿವೆ. ಕ್ರಿ.ಪೂ. 652ರಿಂದ 648ರವರೆಗೆ ದೊರೆ ಅಶುರ್‌ಬಾನಿಪಾಲನಿಗೂ ಬ್ಯಾಬಿಲಾನಿನಲ್ಲಿ ಆಳುತ್ತಿದ್ದ ಅವನ ಅಣ್ಣನಿಗೂ ಘೋರ ಯುದ್ಧ ನಡೆಯಿತು. ಅಣ್ಣನ ಪಕ್ಷ ಹಿಡಿದಿದ್ದ ಪೂರ್ವದ ಏಲಂ ರಾಜ್ಯವನ್ನು ಆಮೇಲೆ ಅಶುರ್‌ಬಾನಿಪಾಲ ಧ್ವಂಸ ಮಾಡಿದ. ಅಲ್ಲಿಗೆ ತನಗೂ ಇರಾನಿನ ಬೆಟ್ಟಸೀಮೆಯ ಜನರಿಗೂ ನಡುವೆ ಇದ್ದ ಗೋಡೆಯನ್ನು ತಾನೇ ಕೆಡವಿದಂತಾಯಿತು. ಅವನು ಸತ್ತ ಮೇಲೆ ಸಿಂಹಾಸನಕ್ಕಾಗಿ ಕಿತ್ತಾಟ. ಇದರ ಜೊತೆಗೆ, ಇರಾಕಿನ ಕುನಾ ಬಾ ಎಂಬ ಗುಹೆಯ ಸುಣ್ಣದ ಕೊಂತಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆ ಶತಮಾನದಲ್ಲಿ ದಶಕಗಟ್ಟಲೆ ದೀರ್ಘ ಬರ ಇತ್ತೆಂದು 2019ರಲ್ಲಿ ವಾದಿಸಿದರು. ಅಂತಃಕಲಹ, ತಪ್ಪು ಲೆಕ್ಕಾಚಾರ, ಬರ, ಹಗೆಗಳ ಕೂಟ. ಇವನ್ನೆಲ್ಲ 'ಪಾಪ' ಎಂಬ ಒಂದೇ ಪದದೊಳಗೆ ತುರುಕಿದರೆ ಪದವೇನೋ ಭಾರವಾಗುತ್ತದೆ, ತಿಳಿವಳಿಕೆ ಹಗುರಾಗುತ್ತದೆ.

ಇಲ್ಲಿಗೆ ಬಿಟ್ಟಿದ್ದರೆ ಇದು ಬರೀ ಇತಿಹಾಸದ ತಕರಾರು. ಓದುತ್ತಾ ಹೋದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. 'ಪಾಪದಿಂದ ಪತನ' ಎಂಬ ಉಪದೇಶ ಆ ಪುಸ್ತಕದ ಲೇಖಕರ ಕಲ್ಪನೆಯಲ್ಲ. ಅದನ್ನು ಸಾಮ್ರಾಜ್ಯಗಳೇ ಕಂಡುಹಿಡಿದವು, ತಮ್ಮ ಅನುಕೂಲಕ್ಕಾಗಿ.

ಕ್ರಿ.ಪೂ. 689ರಲ್ಲಿ ಅಸ್ಸೀರಿಯಾದ ದೊರೆ ಸೆನ್ನಕೆರಿಬ್ ಬ್ಯಾಬಿಲಾನನ್ನು ನಾಶ ಮಾಡಿದ. ನಗರದ ನಡುವೆ ಕಾಲುವೆ ತೋಡಿ ನೀರು ಹರಿಸಿದೆ ಎಂದು ತನ್ನ ಶಾಸನದಲ್ಲಿ ತಾನೇ ಕೊಚ್ಚಿಕೊಂಡ. ಅವನ ಮಗ ಎಸರ್ಹದ್ದೋನ್ ಪಟ್ಟಕ್ಕೆ ಬಂದಾಗ ಬ್ಯಾಬಿಲಾನನ್ನು ಮತ್ತೆ ಕಟ್ಟುವುದು ಅನಿವಾರ್ಯವಾಯಿತು. ಅಪ್ಪ ಕೆಡವಿದ್ದನ್ನು ಮಗ ಕಟ್ಟುವುದೆಂದರೆ ಮುಜುಗರ ತಾನೇ? ಎಸರ್ಹದ್ದೋನನ ಶಾಸನ ಹೇಳುವ ಕತೆ ಇದು: ಬ್ಯಾಬಿಲಾನಿನ ಜನ ಸುಳ್ಳು ಹೇಳಿದರು, ದೀನರನ್ನು ಪೀಡಿಸಿದರು, ದೇವಸ್ಥಾನದ ಹಣ ಮುಟ್ಟಿದರು. ಅವರ ದೇವರು ಮರ್ದೂಕನೇ ಕೋಪಗೊಂಡ. ಪ್ರವಾಹ ಬಂತು, ನಗರ ಅಳಿಯಿತು. ಅಪ್ಪನ ಹೆಸರಿಲ್ಲ, ಅಸ್ಸೀರಿಯಾದ ಸೈನ್ಯ ಇಲ್ಲ. ಮರ್ದೂಕ ಎಪ್ಪತ್ತು ವರ್ಷದ ಶಿಕ್ಷೆ ಬರೆದಿದ್ದನಂತೆ, ಆಮೇಲೆ ಕರುಣೆ ಬಂದು ಅಂಕಿಗಳನ್ನು ತಿರುವುಮುರುವು ಮಾಡಿದನಂತೆ. ಬೆಣೆಲಿಪಿಯಲ್ಲಿ ಎಪ್ಪತ್ತರ ಎರಡು ಗುರುತುಗಳನ್ನು ಅದಲುಬದಲು ಮಾಡಿದರೆ ಹನ್ನೊಂದಾಗುತ್ತದೆ. ಹನ್ನೊಂದು ವರ್ಷಕ್ಕೆ ಶಾಪ ಮುಗಿಯಿತು, ಕಟ್ಟಡದ ಕೆಲಸ ಶುರುವಾಯಿತು. ಎಂಥ ಗುಮಾಸ್ತರನ್ನು ಇಟ್ಟುಕೊಂಡಿದ್ದನೋ ಮಹಾರಾಯ!

ಮುಂದೆ ನಿನೆವೆ ಬಿದ್ದಿತು, ಬ್ಯಾಬಿಲಾನ್ ಗೆದ್ದಿತು. ಅದರ ಕೊನೆಯ ದೊರೆ ನಬೊನಿಡಸ್ ತನ್ನ ಶಾಸನದಲ್ಲಿ ಹಿಂದಿನ ಕತೆ ಹೇಳಿದ: ಬ್ಯಾಬಿಲಾನಿಗೆ ದ್ರೋಹ ಮಾಡಿದ ಅಸ್ಸೀರಿಯಾದ ದೊರೆ ಸ್ವಂತ ಮಗನ ಕೈಯಲ್ಲೇ ಸತ್ತ, ಅದು ಮರ್ದೂಕನ ಸೇಡು. ಸೆನ್ನಕೆರಿಬನನ್ನು ಮಗನೇ ಕೊಂದದ್ದು ನಿಜ. ಆದರೆ ನೀತಿ ಈಗ ಪಕ್ಷ ಬದಲಿಸಿತ್ತು. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲಾನನ್ನು ಹಿಡಿದ. ಅವನು ಬರೆಸಿದ ಮಣ್ಣಿನ ಉರುಳೆ ಜಗತ್ಪ್ರಸಿದ್ಧ. ಅದರಲ್ಲೂ ಅದೇ ಮಾತು: ನಬೊನಿಡಸ್ ಅಧರ್ಮಿ, ಮರ್ದೂಕನಿಗೆ ಕೋಪ ಬಂತು, ಲೋಕವೆಲ್ಲ ಹುಡುಕಿ ಧರ್ಮಿಷ್ಠನಾದ ನನ್ನನ್ನು ಆರಿಸಿದ.

ಸುಮಾರು ನೂರೈವತ್ತು ವರ್ಷ, ಮೂರು ಸಾಮ್ರಾಜ್ಯ, ಒಂದೇ ದೇವರು, ಒಂದೇ ಪಾಠ. ಪ್ರತಿ ಸಲವೂ ಪಾಠ ಹೇಳಿದವರು ಗೆದ್ದವರು ಅಥವಾ ಗೆದ್ದವರ ಮಕ್ಕಳು. ಪಾಪ ಮಾತ್ರ ಯಾವಾಗಲೂ ಇನ್ನೊಬ್ಬರದು.

ಇದು ನನಗೆ ಯಾಕೆ ಇಷ್ಟು ನಾಟಿತು ಎಂದರೆ, ಇಂಥ ಶಾಸನವೊಂದನ್ನು ನಾನು ಮನೆಯಲ್ಲೇ ಕೇಳಿ ಬೆಳೆದಿದ್ದೇನೆ.

ಗದಗಿನಲ್ಲಿ ನಮ್ಮಪ್ಪನಿಗೆ ಒಂದು ಸಣ್ಣ ಪ್ರೆಸ್ ಇತ್ತು. ಒಂದು ಟ್ರೆಡಲ್ ಯಂತ್ರ, ಅಚ್ಚುಮೊಳೆಯ ಕೇಸುಗಳು, ಒಬ್ಬ ಕಂಪೋಸಿಟರ್, ಒಬ್ಬ ಹುಡುಗ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅದು ಮುಚ್ಚಿತು. ಮುಂದೆ ಎಷ್ಟೋ ವರ್ಷ ಮದುವೆ ಮುಂಜಿಗಳಲ್ಲಿ ಹಿರಿಯರ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತಿತ್ತು: ಅವನಿಗೆ ಸೊಕ್ಕು ಬಂದಿತ್ತು, ಗುಡಿಯವರು ಕೇಳಿದಾಗ ಜಾತ್ರೆಯ ಕರಪತ್ರ ಪುಕ್ಕಟೆ ಹಾಕಿಕೊಡಲಿಲ್ಲ, ಆ ಸೊಕ್ಕೇ ತಿಂತು. ಮಾಡಿದ್ದುಣ್ಣೋ ಮಹಾರಾಯ. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದ ಹಿರಿಯರೊಬ್ಬರು ಪ್ರೆಸ್ ಮುಚ್ಚುವ ಹಿಂದಿನ ವರ್ಷವೇ ತಮ್ಮ ಪಾಲಿನ ಹಣವನ್ನು ವಾಪಸ್ ತೆಗೆದುಕೊಂಡಿದ್ದರು. ಆ ವಿಷಯ ಅವರ ಮಾತಿನಲ್ಲಿ ಎಂದೂ ಬರಲಿಲ್ಲ. ಅವರು ಕೆಟ್ಟವರಲ್ಲ. ನಮ್ಮ ಫೀಸು ಕಟ್ಟಿದವರಲ್ಲಿ ಅವರೂ ಒಬ್ಬರು. ಆದರೆ ಒಬ್ಬನ ಸೋಲು ಅವನ ಗುಣಕ್ಕೆ ಸಿಕ್ಕ ಕೂಲಿ ಎಂದು ಹೇಳಿಬಿಟ್ಟರೆ ಉಳಿದವರೆಲ್ಲ ನಿಶ್ಚಿಂತೆಯಿಂದ ಊಟಕ್ಕೆ ಕೂರಬಹುದು. ಆ ನಿಶ್ಚಿಂತೆಯ ಬೆಲೆಯನ್ನು ನಮ್ಮಪ್ಪ ಕೊಟ್ಟರು. ಹತ್ತು ವರ್ಷ ಅವರು ಯಾವ ಮದುವೆಗೂ ಹೋಗಲಿಲ್ಲ.

ನೀವು ಕೇಳಬಹುದು: ಹಾಗಾದರೆ ಅಸ್ಸೀರಿಯಾ ಕ್ರೂರವಾಗಿರಲಿಲ್ಲವೆ? ಇತ್ತು, ಸಂಶಯ ಬೇಡ. ಕ್ರಿ.ಪೂ. 701ರಲ್ಲಿ ಸೆನ್ನಕೆರಿಬ್ ಯೆಹೂದ ನಾಡಿನ ಲಾಕೀಷ್ ಪಟ್ಟಣವನ್ನು ಹಿಡಿದ. ಆ ಗೆಲುವನ್ನು ನಿನೆವೆಯ ಅರಮನೆಯ ಗೋಡೆಗೆ ಕಲ್ಲಿನಲ್ಲಿ ಕೆತ್ತಿಸಿದ. ಕೆತ್ತನೆಯಲ್ಲಿ ಸೈನಿಕರು ಸೆರೆಯಾಳುಗಳ ಚರ್ಮ ಸುಲಿಯುತ್ತಿದ್ದಾರೆ. ಇನ್ನೊಂದು ಕಡೆ ಎತ್ತಿನ ಗಾಡಿಯ ಮೇಲೆ ಗಂಟುಮೂಟೆ, ಅದರ ಮೇಲೆ ಕೂತ ಹೆಂಗಸರು ಮಕ್ಕಳು, ಊರು ಬಿಟ್ಟು ಹೊರಟ ಸಾಲು. ಅವನ ಮೊಮ್ಮಗ ಅಶುರ್‌ಬಾನಿಪಾಲ ರಾಣಿಯೊಡನೆ ತೋಟದಲ್ಲಿ ಕೂತು ಪಾನ ಮಾಡುವ ಕೆತ್ತನೆಯಲ್ಲಿ, ಮರಕ್ಕೆ ಏಲಂ ದೊರೆಯ ಕಡಿದ ತಲೆ ನೇತುಬಿದ್ದಿದೆ. ಇವನ್ನೆಲ್ಲ ಶತ್ರುಗಳು ಕಟ್ಟಿದ ಕತೆ ಅನ್ನುವಂತಿಲ್ಲ. ಅವರೇ ಹೆಮ್ಮೆಯಿಂದ ಮಾಡಿಸಿಕೊಂಡ ಚಿತ್ರಗಳು. ಎರಡೂ ಕೆತ್ತನೆಗಳಲ್ಲಿ ದೊರೆಯ ಮುಖವನ್ನು ಆಮೇಲೆ ಯಾರೋ ಬೇಕೆಂದೇ ಜಜ್ಜಿದ್ದಾರೆ. ಯಾರಿಗೆ ಎಷ್ಟು ಹೊಟ್ಟೆಯುರಿ ಇತ್ತೋ.

ಆದರೆ ಲಾಕೀಷಿನಲ್ಲಿ ಚರ್ಮ ಸುಲಿದದ್ದು ತಪ್ಪು ಎಂದು ಹೇಳುವುದಕ್ಕೆ ನಿನೆವೆ ಬೀಳಲೇಬೇಕಿತ್ತೆ? ನಡುವೆ 89 ವರ್ಷ ಇವೆ. ಆ 89 ವರ್ಷದಲ್ಲಿ ಬಹುಕಾಲ ಅಸ್ಸೀರಿಯಾ ಗೆಲ್ಲುತ್ತಲೇ ಇತ್ತು, ಈಜಿಪ್ಟಿನವರೆಗೂ ಹೋಗಿತ್ತು. ಪತನದಿಂದ ನೀತಿ ಕಲಿಯುವವರು ಆ ಕಾಲದಲ್ಲಿ ಬದುಕಿದ್ದರೆ ಏನು ಕಲಿಯುತ್ತಿದ್ದರು? ಚರ್ಮ ಸುಲಿದರೆ ರಾಜ್ಯ ಬೆಳೆಯುತ್ತದೆ ಎಂದು. ಫಲಿತಾಂಶ ನೋಡಿ ತೀರ್ಪು ಕೊಡುವ ನೀತಿಗೆ ಇದೇ ತೊಡಕು. ಕೆಡುಕು ಗೆಲ್ಲುತ್ತಿರುವಾಗ ಅದರ ಬಾಯಿ ಕಟ್ಟುತ್ತದೆ, ಸೋತ ಮೇಲೆ ದೊಡ್ಡ ದನಿಯಲ್ಲಿ ಮಾತಾಡುತ್ತದೆ. ಲಾಕೀಷಿನ ಆ ಗಾಡಿಯ ಮೇಲೆ ಕೂತ ಹೆಂಗಸಿಗೆ ಅದು ಅನ್ಯಾಯ ಎಂದು ಗೊತ್ತಾಗಲು 612ರವರೆಗೆ ಕಾಯಬೇಕಿರಲಿಲ್ಲ.

ಇನ್ನು 'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ. ನಿನೆವೆಯಲ್ಲಿ ಉಂಡವರು ಯಾರು? ಸೆನ್ನಕೆರಿಬ್ ಸತ್ತು ಏಳು ದಶಕ ಕಳೆದಿತ್ತು. ಅಶುರ್‌ಬಾನಿಪಾಲ ದಶಕಗಟ್ಟಲೆ ಆಳಿ ಹೋಗಿದ್ದ. 1980ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿನ ಪುರಾತತ್ವಜ್ಞ ಡೇವಿಡ್ ಸ್ಟ್ರೋನಾಕ್ ಅವರ ತಂಡ ನಿನೆವೆಯ ಹಲ್ಜಿ ಬಾಗಿಲನ್ನು ಅಗೆಯಿತು. ಅಗಲವಾಗಿದ್ದ ಬಾಗಿಲನ್ನು ಕೊನೆಗಾಲದಲ್ಲಿ ಕಿರಿದು ಮಾಡಿದ್ದರು. ಆ ಇಕ್ಕಟ್ಟಿನ ದಾರಿಯಲ್ಲಿ ಬಿದ್ದಲ್ಲೇ ಬಿದ್ದ ಅಸ್ಥಿಪಂಜರಗಳು ಸಿಕ್ಕವು. ಅವುಗಳಲ್ಲಿ ಎಳೆಯರವೂ ಇದ್ದವು. ಲಾಕೀಷಿಗೂ ಆ ಎಳೆಯರಿಗೂ ಏನು ಸಂಬಂಧ? ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಇತಿಹಾಸ ಬಹುಪಾಲು ನಡೆಯುವುದೇ ಹೀಗೆ. ಆ ಗಾದೆ ಒಬ್ಬ ಮನುಷ್ಯ ತನಗೆ ತಾನೇ ಹೇಳಿಕೊಂಡರೆ ಬುದ್ಧಿಮಾತು. ಸತ್ತವರ ಮೇಲೆ ಇನ್ನೊಬ್ಬರು ಹೇಳಿದರೆ ಅದು ಬೈಗುಳವಾಗುತ್ತದೆ.

ಭಾಷೆಯ ಕಡೆಯವಳಾದ್ದರಿಂದ ನನ್ನ ಮನಸ್ಸೂ ಒಂದು ಸುಲಭದ ಪಾಠದತ್ತ ಜಾರಿತು ಎಂದು ಒಪ್ಪಿಕೊಳ್ಳಬೇಕು. ಸೆನ್ನಕೆರಿಬನ ಅಪ್ಪ ಎರಡನೆಯ ಸರ್ಗೋನನಿಗೆ ಉರ್ ನಗರದ ಅಧಿಕಾರಿಯೊಬ್ಬ, ನಾನು ಅರಮಾಯಿಕ್ ಭಾಷೆಯಲ್ಲಿ ಪತ್ರ ಬರೆಯಬಹುದೇ ಎಂದು ಕೇಳಿದ್ದ. ಕೂಡದು, ಅಕ್ಕಾಡಿಯನ್ ಭಾಷೆಯಲ್ಲೇ ಬರೆ ಎಂದು ದೊರೆಯ ಉತ್ತರ. ಈಗ ಅಕ್ಕಾಡಿಯನ್ ಆಡುವವರು ಯಾರೂ ಇಲ್ಲ. ಅರಮಾಯಿಕ್ ಪರ್ಷಿಯನ್ನರ ಆಡಳಿತ ಭಾಷೆಯಾಯಿತು, ಕಾಂದಹಾರದಲ್ಲಿ ಅಶೋಕನ ಶಾಸನಕ್ಕೂ ಬಂತು. ಅದರ ಕವಲುಗಳನ್ನು ನಿನೆವೆಯ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಆಡುತ್ತಾರೆ. ಸಾಮ್ರಾಜ್ಯ ಹೋಯಿತು, ತಳ್ಳಿಸಿಕೊಂಡ ಭಾಷೆ ಉಳಿಯಿತು! ಪರರಾಜ್ಯದಲ್ಲಿ ಕೂತು ಕನ್ನಡ ಬರೆಯುವವರಿಗೆ ಎಷ್ಟು ಹಿತವಾದ ನೀತಿ ನೋಡಿ. ಆದರೆ ಅರಮಾಯಿಕ್ ಅಷ್ಟು ಹರಡಿದ್ದಕ್ಕೆ ಒಂದು ಮುಖ್ಯ ಕಾರಣ, ಅಸ್ಸೀರಿಯಾ ಅದನ್ನು ಆಡುವವರನ್ನು ಸಾವಿರಾರು ಸಂಖ್ಯೆಯಲ್ಲಿ ಊರಿಂದೂರಿಗೆ ಎತ್ತಿಹಾಕಿದ್ದು. ಆ ಗಾಡಿಗಳನ್ನು ಮರೆತರೆ ಮಾತ್ರ ಇದು ಚಂದದ ಕತೆ. ನನ್ನ ಪಾಠವೂ ನನಗೆ ಅನುಕೂಲವಾದದ್ದೇ ಆಗಿತ್ತು.

ಹಾಗಿದ್ದರೆ ಪತನದಿಂದ ಕಲಿಯುವ ಆಧ್ಯಾತ್ಮಿಕ ಪಾಠವೇ ಇಲ್ಲವೆ? ಇದೆ ಎಂದು ನನಗೆ ತೋರಿದ್ದು ಯೆಹೂದ್ಯರ ಎರಡು ಚಿಕ್ಕ ಗ್ರಂಥಗಳನ್ನು ಒಟ್ಟಿಗೆ ಇಟ್ಟು ಓದಿದಾಗ. ಎರಡೂ ಕ್ರೈಸ್ತರ ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿವೆ, ಎರಡೂ ನಿನೆವೆಯ ಬಗ್ಗೆ ಇವೆ, ಎರಡೂ ಪ್ರಶ್ನೆಯಲ್ಲಿ ಮುಗಿಯುತ್ತವೆ.

ಒಂದು, ನಹೂಮನದು. ಅದು ನಿನೆವೆಯ ನಾಶವನ್ನು ಕಂಡು ಕುಣಿಯುವ ಕಾವ್ಯ. ಅಸ್ಸೀರಿಯಾದ ಕಾಲ್ತುಳಿತಕ್ಕೆ ಸಿಕ್ಕ ಜನರ ಸಿಟ್ಟು ಅದರಲ್ಲಿದೆ. ಆ ಸಿಟ್ಟನ್ನು ತಪ್ಪು ಅನ್ನುವ ಹಕ್ಕು ನನಗಿಲ್ಲ. ನಿನ್ನ ಕೇಡಿಗೆ ಸಿಗದವರು ಯಾರಿದ್ದಾರೆ ಎಂಬ ಅರ್ಥದ ಪ್ರಶ್ನೆ ಅದರ ಕೊನೆ.

ಇನ್ನೊಂದು, ಯೋನನದು. ನಿನೆವೆಗೆ ಹೋಗಿ ಎಚ್ಚರಿಸು ಎಂದು ದೇವರು ಯೋನನಿಗೆ ಹೇಳುತ್ತಾನೆ. ಅವನು ಓಡಿಹೋಗುತ್ತಾನೆ. ಮೀನಿನ ಹೊಟ್ಟೆಯ ಕತೆ ಎಲ್ಲರಿಗೂ ಗೊತ್ತು. ಆಮೇಲಿನದು ಕಡಿಮೆ ಜನರಿಗೆ ಗೊತ್ತು. ಕೊನೆಗೂ ಹೋಗಿ ಎಚ್ಚರಿಸಿದಾಗ ನಿನೆವೆಯ ಜನ, ದೊರೆ, ದನಗಳು ಸಮೇತ ಉಪವಾಸ ಕೂತು ಪಶ್ಚಾತ್ತಾಪ ಪಡುತ್ತಾರೆ. ದೇವರು ನಗರವನ್ನು ಉಳಿಸುತ್ತಾನೆ. ಯೋನನಿಗೆ ಕೆಂಡದಂಥ ಕೋಪ. ನಗರ ಬೀಳುವುದನ್ನು ನೋಡಲು ಅವನು ಹೊರಗೆ ಜಾಗ ಮಾಡಿಕೊಂಡು ಕೂತಿದ್ದ! ಎಡಬಲ ಅರಿಯದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮತ್ತು ಅಷ್ಟೊಂದು ದನಕರು ಇರುವ ಊರಿನ ಮೇಲೆ ನನಗೆ ಮರುಕ ಬೇಡವೆ ಎಂದು ದೇವರು ಅವನನ್ನು ಕೇಳುತ್ತಾನೆ. ಯೋನ ಏನು ಉತ್ತರ ಕೊಟ್ಟ ಎಂಬುದು ಗ್ರಂಥದಲ್ಲಿಲ್ಲ.

ಬಹುಪಾಲು ವಿದ್ವಾಂಸರ ಪ್ರಕಾರ ಯೋನನ ಕತೆ ಬರೆದದ್ದು ನಿನೆವೆ ಬಿದ್ದು ಬಹಳ ಕಾಲದ ಮೇಲೆ. ಅಂದರೆ ಬರೆದವರಿಗೂ ಕೇಳಿದವರಿಗೂ ಆ ಊರು ಮಣ್ಣುಗೂಡಿದ್ದು ಗೊತ್ತು. 'ನೋಡಿ, ಪಾಪಕ್ಕೆ ಶಿಕ್ಷೆ' ಎಂಬ ಪಾಠ ಕೈಗೆ ಸಿಗುವಂತೆ ಸಿದ್ಧವಾಗಿತ್ತು. ಆ ಲೇಖಕರು ಅದನ್ನು ಮುಟ್ಟಲಿಲ್ಲ. ಶತ್ರುವಿನ ಊರಿನ ಮಕ್ಕಳನ್ನೂ ದನಗಳನ್ನೂ ಎಣಿಸಿದರು. ಯೆಹೂದ್ಯರು ಈ ಗ್ರಂಥವನ್ನು ಓದುವುದು ತಮ್ಮ ಯಾವುದೋ ವಿಜಯೋತ್ಸವದಂದಲ್ಲ, ಯೋಮ್ ಕಿಪ್ಪೂರ್ ದಿನ, ತಮ್ಮ ಸ್ವಂತ ತಪ್ಪುಗಳ ಲೆಕ್ಕ ಒಪ್ಪಿಸಿ ಉಪವಾಸ ಇರುವ ದಿನ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯ ಆಂಟಿ ಕೇರಳದ ಸಿರಿಯನ್ ಕ್ರೈಸ್ತರು. ದೊಡ್ಡ ಉಪವಾಸಕ್ಕೆ ಕೆಲವು ವಾರ ಮೊದಲು ಅವರು ಮೂರು ದಿನದ 'ಮೂನ್ನು ನೊಂಬು' ಹಿಡಿಯುತ್ತಾರೆ. ಯಾತಕ್ಕೆ ಎಂದು ಕೇಳಿದ್ದಕ್ಕೆ, ನಿನೆವೆಯ ಜನ ಮಾಡಿದರಲ್ಲ, ಅದಕ್ಕೆ ಅಂದರು. ಅವರ ಚರ್ಚಿನ ಹಳೆಯ ಪ್ರಾರ್ಥನೆಗಳ ಭಾಷೆ ಸಿರಿಯಾಕ್, ಅರಮಾಯಿಕ್ಕಿನದೇ ಕವಲು. ನಿನೆವೆ ಬಿದ್ದದ್ದು 612ರಲ್ಲಿ ಎಂದು ನಾನು ಜಾಣತನ ತೋರಿಸಲು ಹೋದೆ. ಆಂಟಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಬಿತ್ತಾ? ಇಲ್ಲವಲ್ಲ, ಉಳೀತಲ್ಲ" ಅಂದರು. ಪ್ರತಿವರ್ಷ ಅವರು ಉಪವಾಸ ಕೂರುವುದು ಆ ಊರಿನ ಹೊರಗೆ ಯೋನನ ಪಕ್ಕದಲ್ಲಲ್ಲ. ಊರಿನ ಒಳಗೆ, ತಪ್ಪು ಮಾಡಿದವರ ನಡುವೆ. ಪತನದ ಕತೆ ಹೇಳುವಾಗ ನಾವು ಎಲ್ಲಿ ಕೂತಿದ್ದೇವೆ, ಹೊರಗೋ ಒಳಗೋ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದು ನನಗೆ ಅನ್ನಿಸಿದ್ದು ಅವತ್ತು.

ಆ ಪುಸ್ತಕದವರಿಗೆ ನಾನು ಪತ್ರ ಬರೆದೆ. ನಿನೆವೆಯ ಅಧ್ಯಾಯದಲ್ಲಿ ಯೋನನ ಕತೆಯನ್ನು ಒಂದು ಪುಟದಷ್ಟಾದರೂ ಸೇರಿಸಬಹುದೇ ಎಂದು ಕೇಳಿದೆ. ಓದುಗರಿಗೆ ಸ್ಪಷ್ಟ ಸಂದೇಶ ಬೇಕು, ಗೊಂದಲ ಬೇಡ ಎಂದು ಉತ್ತರ ಬಂತು. ಅನುವಾದಕರಿಗೆ ಅದಕ್ಕಿಂತ ಹೆಚ್ಚಿನ ಹಕ್ಕಿಲ್ಲ. ಕೆಲಸ ಮುಗಿಸಿ ಕೊಟ್ಟೆ, ಹಣ ಬಂತು, ಬಾಡಿಗೆ ಕಟ್ಟಿದೆ. ಅಲ್ಲಿ ಹಾಕಲಾಗದ ಅಡಿಟಿಪ್ಪಣಿಯನ್ನು ನಿಮಗೆ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಪ್ರೆಸ್ ಯಾಕೆ ಮುಚ್ಚಿತು?

"ಆಫ್‌ಸೆಟ್ ಬಂತು. ನಾ ಎರಡು ವರ್ಷ ತಡಾ ಮಾಡಿದೆ. ಅಷ್ಟ" ಅಂದರು. ಜಾತ್ರೆಯ ಕರಪತ್ರದ ಬಗ್ಗೆ ಕೇಳಿದ್ದಕ್ಕೆ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳದೇ ಇದ್ದದ್ದನ್ನು ಹೇಳಿದರು: "ಕಂಪೋಸಿಟರ್‌ಗೆ ಮೂರು ತಿಂಗಳ ಪಗಾರ ಕೊಡೋದು ಬಾಕಿ ಉಳೀತವ್ವಾ. ಅಂವಾ ಒಮ್ಮೆನೂ ಕೇಳಲಿಲ್ಲ. ಅದೊಂದು ಇನ್ನೂ ಚುಚ್ಚತೈತಿ."

ಇಪ್ಪತ್ತು ವರ್ಷ ನೆಂಟರು ಅವರ ಪಾಪವನ್ನು ಎಣಿಸುತ್ತಿದ್ದರು. ಈ ಒಂದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಕಂಪೋಸಿಟರ್ ಈಗ ಬಾಗಲಕೋಟೆಯ ಕಡೆ ಮಗನ ಮನೆಯಲ್ಲಿದ್ದಾರೆ ಎಂದು ಯಾರೋ ಹೇಳಿದ್ದಾರಂತೆ. ಸಂಕ್ರಾಂತಿ ಕಳೆದ ಮೇಲೆ ಅಪ್ಪ ಹೋಗಿಬರುತ್ತಾರೆ.